ಮೇಬಲ್ ಮುಚ್ಚಿಸಿದ ರಸ್ತೆ

ಮಹಾಬಲೇಶ್ವರನ ಹೆಂಡತಿ ವಿಶಾಲಾಕ್ಷಿ ಮೂಳೆ ಡಾಕ್ಟರು. ಮೂಳೆ ಡಾಕ್ಟರನ್ನು ಮದುವೆಯಾದ ಗಂಡಸು ಮೋಟಾರ್ ಸೈಕಲ್ ಇಟ್ಟುಕೊಳ್ಳುವುದೆಂದರೆ ಅಡಿಗೆಭಟ್ಟರ ಮನೆಯಲ್ಲಿದ್ದುಕೊಂಡು ಹೋಟೆಲಿನಿಂದ ಊಟ ತರಿಸಿದ ಹಾಗೆ. ದಿನಾ ಎರಡು ಮಾತು ಕೇಳಲೇಬೇಕು.

ಅವರಿದ್ದದ್ದು ಬ್ರಿಸ್ಬೇನಿನ ರನ್‌ಕಾರ್ನಿನಲ್ಲಿ. ಮನೆಗಿದ್ದ ಒಂದೇ ಕಾರನ್ನು ವಿಶಾಲಾಕ್ಷಿ ಬೆಳಿಗ್ಗೆ ಆರು ಗಂಟೆಗೇ ಇಪ್ಸ್‌ವಿಚ್ಚಿನ ಆಸ್ಪತ್ರೆಗೆ ತೆಗೆದುಕೊಂಡು ಹೋಗಿಬಿಡುತ್ತಿದ್ದಳು. ಮಹಾಬಲೇಶ್ವರನಿಗೆ ಗೋದಾಮೊಂದರಲ್ಲಿ ಮಧ್ಯಾಹ್ನದ ಪಾಳಿ. ಹಾಗಾಗಿ ಒಂಬತ್ತು ವರ್ಷದ ಮಗಳು ತನ್ವಿಯನ್ನು ಶಾಲೆಗೆ ಬಿಡುವ ಹೊಣೆ ಅವನದು ಮತ್ತು ಅವನ ಹಳೆಯ ಬೈಕಿನದು. ಬಿಸಿಲಿದ್ದರೆ ಬೈಕು, ಮಳೆ ಬಂದರೆ ಛತ್ರಿ ಹಿಡಿದು ನಡಿಗೆ ಎಂದು ವಿಶಾಲಾಕ್ಷಿ ಗಂಡನಿಂದ ಮಾತು ತೆಗೆದುಕೊಂಡಿದ್ದಳು. ನಡೆದರೆ ಇಪ್ಪತ್ತೈದು ನಿಮಿಷ, ಬೈಕಿನಲ್ಲಿ ಆರು ನಿಮಿಷ. ಆ ಹತ್ತೊಂಬತ್ತು ನಿಮಿಷದ ಅಂತರದಲ್ಲಿ ಮಹಾಬಲೇಶ್ವರನ ಸತ್ಯಸಂಧತೆ ಕೊಚ್ಚಿಕೊಂಡು ಹೋಯಿತು.

ತಪ್ಪು ಪೂರ್ತಿ ಅವನದಲ್ಲ. ಬೇಸಿಗೆಯಲ್ಲಿ ಬ್ರಿಸ್ಬೇನಿನ ಮಳೆ ಶಾಲೆಯ ಗಂಟೆ ನೋಡಿಕೊಂಡೇ ಬರುತ್ತದೆ. ಎಂಟಕ್ಕೆ ಒಂದೆರಡು ಹನಿ, ಎಂಟೂಕಾಲಿಗೆ ಧೋ ಎಂದು ಸುರಿತ, ಒಂಬತ್ತಕ್ಕೆ, ಮಕ್ಕಳೆಲ್ಲ ತೊಯ್ದು ತರಗತಿಯೊಳಗೆ ಹೋದಮೇಲೆ, ಕಣ್ಣು ಕುಕ್ಕುವ ಬಿಸಿಲು. ಎರಡು ವಾರ ಮಹಾಬಲೇಶ್ವರ ಛತ್ರಿ ಹಿಡಿದು ನಡೆದ. ಮೂರನೆಯ ವಾರ ಛತ್ರಿ ಹಿಂದುಮುಂದಾಗಿ ಮಡಚಿಕೊಂಡು ಗಾಳಿಯಲ್ಲಿ ಹಾರಿ ಯಾರದೋ ಈಜುಕೊಳದಲ್ಲಿ ಬಿತ್ತು. ಆ ಶನಿವಾರವೇ ಅವನು ಕೆಲಸದ ಬಟ್ಟೆ ಮಾರುವ ಅಂಗಡಿಗೆ ಹೋಗಿ, ಮೂಲೆಯಲ್ಲಿ ರಾಶಿ ಹಾಕಿದ್ದ ಅಗ್ಗದ ಮಾಲಿನಲ್ಲಿ ಒಂದು ಮಳೆಕೋಟು ಆರಿಸಿ ತಂದ.

ಕೋಟಿನ ಬಣ್ಣ ಎರಡು ಬೀದಿ ಆಚೆಗೂ ಕಾಣುವ ಕಿತ್ತಳೆ. ತೋಳಿಗೂ ಎದೆಗೂ ಹೊಳೆಯುವ ಬೆಳ್ಳಿ ಪಟ್ಟಿ. ಬೆನ್ನ ಮೇಲೆ ದಪ್ಪಕ್ಷರದಲ್ಲಿ ‘ಪೆಸ್ಟ್ ಕಂಟ್ರೋಲ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಜಿರಳೆ, ಗೆದ್ದಲು ಹೊಡೆಯುವ ಯಾವುದೋ ಕಂಪನಿ ಬಾಗಿಲು ಹಾಕಿದಾಗ ಉಳಿದ ಮಾಲು ಅದು. ಮೈಸೂರಿನಲ್ಲಿ ಎರಡು ಪದವಿ ಪಡೆದ ತಾನು ಬೆನ್ನ ಮೇಲೆ ಜಿರಳೆ ಹೊತ್ತು ಮಗಳ ಶಾಲೆಯ ಮುಂದೆ ಇಳಿಯುವುದೇ? ಮಹಾಬಲೇಶ್ವರ ಇಸ್ತ್ರಿಪೆಟ್ಟಿಗೆ ಬಿಸಿಮಾಡಿ ‘ಪೆಸ್ಟ್’ ಅನ್ನು ಒಂದೊಂದೇ ಅಕ್ಷರವಾಗಿ ಕರಗಿಸಿ ಕಿತ್ತ. ‘ಕಂಟ್ರೋಲ್’ ಕೀಳಲು ಮನಸ್ಸು ಬರಲಿಲ್ಲ. ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ಹೊರಳಿಸಿ ನೋಡಿಕೊಂಡ. ಗೋದಾಮಿನಲ್ಲೂ ಮನೆಯಲ್ಲೂ ಹದಿನಾಲ್ಕು ವರ್ಷದಿಂದ ಯಾರೂ ಕೊಡದಿದ್ದ ಅಧಿಕಾರವನ್ನು ಆ ಕೋಟು ಕೊಟ್ಟಿತು.

ಮಾರ್ಚ್ ತಿಂಗಳ ಮೊದಲ ಮಂಗಳವಾರ. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಎಂಟೂಕಾಲಿಗೆ ಮಹಾಬಲೇಶ್ವರ ಕೋಟು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು ಹಾಕಿಕೊಂಡು, ತನ್ವಿಯನ್ನು ಹಿಂದೆ ಕೂರಿಸಿಕೊಂಡು ಹೊರಟ. ಶಾಲೆಗೆ ಎರಡು ಬೀದಿ ಇರುವಾಗ ರಸ್ತೆ ಇಳಿಜಾರಾಗಿ ಒಂದು ತೊರೆಯನ್ನು ದಾಟುತ್ತದೆ. ಅಲ್ಲಿ ನೋಡಿದರೆ ತೊರೆಯೇ ರಸ್ತೆಯನ್ನು ದಾಟುತ್ತಿತ್ತು. ಕಂದುನೀರು ಡಾಂಬರಿನ ಮೇಲೆ ಹರಿದು ಆಚೆಗೆ ಧುಮುಕುತ್ತಿತ್ತು.

ಮಹಾಬಲೇಶ್ವರ ಬ್ರೇಕ್ ಹಾಕಿದ.

“ಅಪ್ಪಾ, ಆರ್ ವಿ ಗೋಯಿಂಗ್ ಆರ್ ನಾಟ್?” ಎಂದು ತನ್ವಿ ಹಿಂದಿನಿಂದ ಕೇಳಿದಳು.

“ಇರು ಪುಟ್ಟಿ, ಯೋಚ್ನೆ ಮಾಡ್ತಿದೀನಿ.”

ಯೋಚನೆಯ ಫಲವಾಗಿ ವಾಪಸು ತಿರುಗುವುದೆಂದು ತೀರ್ಮಾನವಾಯಿತು. ಅರ್ಧ ತಿರುಗಿಸುವಷ್ಟರಲ್ಲಿ ಬೈಕು ಕೆಮ್ಮಿ ನಿಂತಿತು. ಈಗ ಬೈಕು ರಸ್ತೆಗೆ ಸರಿಯಾಗಿ ಅಡ್ಡ. ಮಗಳನ್ನಿಳಿಸಿ, ತಾನೂ ಇಳಿದು, ಸ್ಟಾರ್ಟರ್ ಒತ್ತುತ್ತ ನಿಂತ. ಹಿಂದಿನಿಂದ ಪ್ಲಂಬರನೊಬ್ಬನ ಟ್ರಕ್ಕು ಬಂದು ನಿಂತು, ಕಿಟಕಿಯಿಂದ ಕೆಂಪು ಗಡ್ಡದ ತಲೆಯೊಂದು ಹೊರಬಂದು ಏನೋ ಕೇಳಿತು. ಹೆಲ್ಮೆಟ್ಟಿನ ಮೇಲೆ ಮಳೆ ತಮಟೆ ಬಾರಿಸುತ್ತಿದ್ದುದರಿಂದ ಮಹಾಬಲೇಶ್ವರನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸದ ಪ್ರಶ್ನೆಗೆ ಅವನು ಹುಟ್ಟಿದಾಗಿನಿಂದ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟ. ಕತ್ತನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಒಲೆದ. ಮೈಸೂರಿನಲ್ಲಿ ಅದಕ್ಕೆ ಹೌದು, ಇಲ್ಲ, ಇರಬಹುದು, ನೋಡೋಣ, ನಿಮ್ಮಿಷ್ಟ ಎಂದು ಐದು ಅರ್ಥಗಳಿವೆ.

ಗಡ್ಡದವನು ಕೋಟು ನೋಡಿದ, ಅಡ್ಡ ನಿಂತ ಬೈಕು ನೋಡಿದ, ನೀರು ನೋಡಿದ. ಆರನೆಯ ಅರ್ಥ ಮಾಡಿಕೊಂಡ. ಕೆಳಗಿಳಿದು ತನ್ನ ಟ್ರಕ್ಕಿನಿಂದ ರಸ್ತೆ ಮುಚ್ಚಲು ಇಡುವ ಎರಡು ಕಿತ್ತಳೆ ಬಣ್ಣದ ಶಂಕುಗಳನ್ನು ತೆಗೆದು ಬೈಕಿನ ಎರಡೂ ಪಕ್ಕಕ್ಕಿಟ್ಟು, “ಒಳ್ಳೇ ಕೆಲಸ, ಮೈಟ್” ಎಂದು, ಅಲ್ಲಿಯವರು ಗೆಳೆಯನನ್ನು ಕರೆಯುವ ಹಾಗೆ ಕರೆದು, ಬೆನ್ನು ತಟ್ಟಿ, ಹಿಂದಿದ್ದ ಕಾರುಗಳಿಗೆಲ್ಲ ರಸ್ತೆ ಮುಚ್ಚಿದೆ ಎಂದು ಕೂಗಿ ಹೇಳುತ್ತ ವಾಪಸು ಹೋದ. ಅದಾದ ಮೇಲೆ ಯಾರೂ ಪ್ರಶ್ನೆಯನ್ನೇ ಕೇಳಲಿಲ್ಲ. ಬಂದ ಕಾರುಗಳೆಲ್ಲ ವಿಧೇಯವಾಗಿ ತಿರುಗಿ ಹೋಗತೊಡಗಿದವು.

ಅಷ್ಟರಲ್ಲಿ ಕೈಯಲ್ಲಿ ‘ನಿಲ್ಲಿ’ ಎಂಬ ದುಂಡು ಫಲಕ ಹಿಡಿದು ಮೋರಾಗ್ ಬಂದರು. ಎಪ್ಪತ್ತರ ಆಸುಪಾಸಿನ ಈ ಸ್ಕಾಟ್ಲೆಂಡಿನ ಅಜ್ಜಿ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರು. ಮಳೆಗೆ ಕೋಟಿರಲಿ, ಟೋಪಿಯನ್ನೂ ಹಾಕಿರಲಿಲ್ಲ.

“ನಮ್ಮ ಅಬರ್ಡೀನಿನಲ್ಲಿ ಇದಕ್ಕೆ ಮಳೆ ಅನ್ನೋದಿಲ್ಲ, ಇಬ್ಬನಿ ಅಂತೀವಿ” ಎಂದರು. “ಅಂತೂ ಸಿಟಿ ಕೌನ್ಸಿಲ್‌ನವರು ಒಬ್ಬರನ್ನಾದರೂ ಕಳಿಸಿದರಲ್ಲ! ಮಗು ನಿನ್ನದಾ? ಕಾಲುಸೇತುವೆ ಮೇಲೆ ನಾನು ಕರಕೊಂಡು ಹೋಗ್ತೀನಿ. ನೀನು ಜಾಗ ಬಿಟ್ಟು ಅಲ್ಲಾಡಬೇಡ. ಹೆಸರೇನು?”

“ಮಹಾಬಲ” ಎಂದು ಹೆಲ್ಮೆಟ್ಟಿನೊಳಗಿಂದ ದನಿ ಬಂತು.

“ಮೇಬಲ್!” ಎಂದು ಮೋರಾಗ್ ಮುಖ ಅರಳಿಸಿದರು. “ನಮ್ಮ ಚಿಕ್ಕಮ್ಮನ ಹೆಸರೂ ಅದೇ. ಅವಳೂ ನಿನ್ನ ಹಾಗೇ ಗಟ್ಟಿಗಿತ್ತಿ.”

ಮಹಾಬಲೇಶ್ವರ ಕತ್ತು ಒಲೆದ. ಮೋರಾಗ್ ತನ್ವಿಯ ಕೈ ಹಿಡಿದು ಹೋಗಿಬಿಟ್ಟರು. ತನ್ವಿ ಹೋಗುತ್ತ ಮೂರು ಸಲ ಹಿಂತಿರುಗಿ ನೋಡಿದಳು.

ಈಗ ಹೊರಟುಬಿಡಬಹುದಿತ್ತು. ಬೈಕನ್ನು ತಳ್ಳಿಕೊಂಡು ಹೋಗಿ ಒಂದು ಮರದ ಹಿಂದೆ ನಿಲ್ಲಿಸಿಯೂ ಆಯಿತು. ಆದರೆ ಮನುಷ್ಯನಿಗೆ ಒಮ್ಮೆ ಶಂಕುಗಳ ನಡುವೆ ನಿಂತ ರುಚಿ ಹತ್ತಿದರೆ ಬಿಡುವುದು ಕಷ್ಟ. ‘ಇನ್ನು ಐದೇ ನಿಮಿಷ’ ಎಂದುಕೊಂಡು ಅವನು ಮತ್ತೆ ನಡುರಸ್ತೆಗೆ ಬಂದ. ಕೈ ಎತ್ತಿದರೆ ಬಸ್ಸೂ ನಿಲ್ಲುತ್ತಿತ್ತು.

ಆಗ ಬಂತು ಬಿಳಿಯ ದೈತ್ಯ ಕಾರು. ಒಳಗೆ ಲಿಂಗರಾಜರು. ಇವರು ಅಲ್ಲಿನ ಕನ್ನಡ ಬಳಗಕ್ಕೆ ಒಂಬತ್ತು ವರ್ಷದಿಂದ ಅಧ್ಯಕ್ಷರು. ಸಭೆಗಳಲ್ಲಿ ಮಹಾಬಲೇಶ್ವರನಿಗೆ ಕುರ್ಚಿ ಜೋಡಿಸುವ ಕೆಲಸ ಬಿಟ್ಟು ಬೇರೆ ಕೊಟ್ಟವರಲ್ಲ. ಅವರ ಹೆಂಡತಿ ಕಮಲಾ, ವಿಶಾಲಾಕ್ಷಿಗೆ ಆಪ್ತರು. ಇವರ ಕಣ್ಣಿಗೆ ಬಿದ್ದ ಸುದ್ದಿ ಹತ್ತು ನಿಮಿಷದಲ್ಲಿ ಇಪ್ಸ್‌ವಿಚ್ ತಲುಪುತ್ತದೆ. ಮಹಾಬಲೇಶ್ವರ ಹೆಲ್ಮೆಟ್ಟಿನ ಗಾಜನ್ನು ಕೆಳಗೆಳೆದುಕೊಂಡ.

ಲಿಂಗರಾಜರು ಕಿಟಕಿ ಇಳಿಸಿ ಇಂಗ್ಲಿಷಿನಲ್ಲಿ, ಈ ಕಾರು ನದಿಯನ್ನೇ ದಾಟುತ್ತದೆ, ಇದು ಯಾವ ಲೆಕ್ಕ, ದಯವಿಟ್ಟು ಬಿಡಿ ಎಂದರು.

ಮಹಾಬಲೇಶ್ವರ ಹೊಟ್ಟೆಯಾಳದಿಂದ ಒಂದು ಗೊಗ್ಗರು ದನಿ ತೆಗೆದು, ಗೋದಾಮಿನ ಮೇಲ್ವಿಚಾರಕ ಮಾತಾಡುವ ಧಾಟಿಯಲ್ಲಿ ಮೂಗಿನಿಂದ ಗುಡುಗಿದ: “ನೋ ವೇ, ಮೈಟ್! ಟರ್ನ್ ಅರೌಂಡ್!”

“ಯೆಸ್ ಸರ್. ಸಾರಿ ಸರ್” ಎಂದರು ಲಿಂಗರಾಜರು.

ಒಂಬತ್ತು ವರ್ಷ ಬಳಗದ ಯಾವ ಸದಸ್ಯನೂ ಲಿಂಗರಾಜರ ಬಾಯಿಂದ ಈ ಎರಡು ವಾಕ್ಯಗಳನ್ನು ಕೇಳಿರಲಿಲ್ಲ. ದೈತ್ಯ ಕಾರು ಬೀಪ್ ಬೀಪ್ ಎನ್ನುತ್ತ ಹಿಂದೆ ಸರಿಯಿತು. ಹೋಗುವ ಮೊದಲು ಅವರು ಫೋನೆತ್ತಿ, ಮಳೆ ಹರಿಯುವ ಗಾಜಿನಾಚೆ ಕಿತ್ತಳೆ ಮಬ್ಬಾಗಿ ನಿಂತಿದ್ದ ಆ ಆಕೃತಿಯ ಫೋಟೋ ತೆಗೆದರು. ಮುಕ್ಕಾಲು ಗಂಟೆಯ ನಂತರ ಕೌನ್ಸಿಲ್ಲಿನ ನಿಜವಾದ ಲಾರಿ ದೂರದಲ್ಲಿ ಕಾಣಿಸಿತು. ಮಹಾಬಲೇಶ್ವರ ಮರದ ಹಿಂದಿನಿಂದ ಬೈಕು ತಳ್ಳಿಕೊಂಡು ಪರಾರಿಯಾದ.

ಮರುದಿನ ಬುಧವಾರ ಅವನಿಗೆ ರಜೆ. ಸಂಜೆ ವಿಶಾಲಾಕ್ಷಿ ಕಾಫಿ ಹಿಡಿದು ಕೂತು ಫೋನು ನೋಡುತ್ತಿದ್ದವಳು, “ರೀ, ಇದನ್ನ ನೋಡಿದ್ರಾ?” ಎಂದಳು.

ಬಳಗದ ವಾಟ್ಸಾಪಿನಲ್ಲಿ ಲಿಂಗರಾಜರ ಫೋಟೋ. ಕೆಳಗೆ ಅವರದೇ ಒಕ್ಕಣೆ: ಸುರಿವ ಮಳೆಯಲ್ಲಿ ಪ್ರಾಣದ ಹಂಗು ತೊರೆದು ನಿಂತ ಈ ಅಧಿಕಾರಿಗೆ ನಾನು ಕಾರಿನಿಂದಿಳಿದು ನಮಸ್ಕರಿಸಿದೆ.

“ಇಳೀಲೇ ಇಲ್ಲ…” ಎಂದು ಮಹಾಬಲೇಶ್ವರನ ಬಾಯಿಂದ ಬಂದುಬಿಟ್ಟಿತು.

“ಏನಂದ್ರಿ?”

“ಅಲ್ಲ, ಮಳೇಲಿ ಅವರು ಇಳಿಯೋ ಪೈಕಿನಾ ಅಂತ.”

“ಇನ್ನೊಂದು ಕೇಳಿ. ಅದು ಗಂಡಸಲ್ಲವಂತೆ! ಸ್ಕೂಲ್ ಹತ್ರ ಒಬ್ರು ಅಜ್ಜಿ ನಿಂತಿರ್ತಾರಲ್ಲ, ಅವರನ್ನ ಕಮಲಕ್ಕ ವಿಚಾರಿಸಿದರಂತೆ. ಹೆಂಗಸಂತೆ ಕಣ್ರೀ, ಮೇಬಲ್ ಅಂತ ಹೆಸರು. ನೋಡಿ ಹೇಗೆ ನಿಂತಿದಾಳೆ! ಇಂಥೋರನ್ನ ನೋಡಿ ಕಲೀಬೇಕು. ನೀವು ಒಂದು ಹಲ್ಲಿ ಬಂದ್ರೆ ಕುರ್ಚಿ ಹತ್ತುತೀರಿ.”

ಹೆಂಡತಿ ತನ್ನನ್ನೇ ಹೊಗಳುತ್ತಿದ್ದಾಳೆ, ತನ್ನನ್ನೇ ಬೈಯುತ್ತಿದ್ದಾಳೆ. ಯಾವುದಕ್ಕೆ ಮುಖ ಅರಳಿಸಬೇಕು, ಯಾವುದಕ್ಕೆ ಬಾಡಿಸಬೇಕು ತಿಳಿಯದೆ ಅವನು ಕಾಫಿಲೋಟದೊಳಗೆ ಮುಖವಿಟ್ಟ. ಎದುರಿಗೆ ತನ್ವಿ ಪೆನ್ಸಿಲ್ ಕಚ್ಚುತ್ತ ಅವನನ್ನೇ ನೋಡುತ್ತಿದ್ದಳು. ವಿಶಾಲಾಕ್ಷಿ ಒಳಗೆ ಹೋದೊಡನೆ ಪಿಸುಗುಟ್ಟಿದಳು.

“ಅಪ್ಪಾ, ಯೂ ಹ್ಯಾವ್ ಟು ಟೆಲ್ ಹರ್.”

“ಹೇಳ್ತೀನಿ ಪುಟ್ಟಿ. ಸಮಯ ನೋಡ್ಕೊಂಡು.”

“ಸಂಡೇ” ಎಂದಳು ತನ್ವಿ. “ಐ ವೋಂಟ್ ಟೆಲ್. ಬಟ್ ಐ ವೋಂಟ್ ಲೈ.” ಹೇಳುವುದೂ ಇಲ್ಲ, ಸುಳ್ಳಾಡುವುದೂ ಇಲ್ಲ, ಭಾನುವಾರದವರೆಗೆ ಗಡುವು. ತಾಯಿಯ ಮಗಳು.

ಗುರುವಾರ ಬೆಳಿಗ್ಗೆ ಅಕ್ಕ ನಾಗಮ್ಮನ ಫೋನು ಬಂತು. ಆಕೆ ಇರುವುದು ಪರ್ತಿನ ಪಿಯಾರಾ ವಾಟರ್ಸಿನಲ್ಲಿ, ದೇಶದ ಇನ್ನೊಂದು ತುದಿ. “ಏನೋ ಮಹಾಬಲ, ನಿಮ್ಮೂರಲ್ಲಿ ಪ್ರವಾಹ ಬಂದು ಒಬ್ಬ ಹೆಂಗಸು ಇನ್ನೂರು ಜನರನ್ನ ಹೊತ್ಕೊಂಡು ದಾಟಿಸಿದಳಂತೆ? ಅಡಿಲೇಡಿಂದ ನಮ್ಮ ಬೀಗಿತ್ತಿ, ಶ್ರೇಯಸನ ಅತ್ತೆ, ಕಳಿಸಿದರು. ನೀನಿದ್ದೆಯಾ ಅಲ್ಲಿ?”

“ಇದ್ದೆ ಅಕ್ಕ.”

“ನಿನ್ನನ್ನೂ ಹೊತ್ಕೊಂಡಳಾ?”

ಫೋನಿಡುವಷ್ಟರಲ್ಲಿ ಬಾಗಿಲ ಗಂಟೆ. ಕಮಲಾ ನಿಂತಿದ್ದರು, ಕಂಕುಳಲ್ಲಿ ಕಡತ. “ಮಹಾಬಲ, ಭಾನುವಾರ ನಮ್ಮ ಮಹಿಳಾ ದಿನಾಚರಣೆ. ಮೇಬಲ್‌ಗೆ ಸನ್ಮಾನ ಇಟ್ಕೊಂಡ್ಬಿಟ್ಟಿದೀವಿ. ರೇಷ್ಮೆ ಸೀರೆ, ಬೆಳ್ಳಿ ಕುಂಕುಮದ ಬಟ್ಟಲು. ನೀನು ಹತ್ತು ಗಂಟೆಗೇ ಬಂದು ಕುರ್ಚಿ ಹಾಕ್ಬಿಡು.”

ಮಹಾಬಲೇಶ್ವರ ಬಾಗಿಲ ಚಿಲಕ ಹಿಡಿದುಕೊಂಡ. “ಕಮಲಕ್ಕ, ಆಕೆ… ಸೀರೆ ಉಡೋ ಪೈಕಿ ಅಲ್ಲ ಅನ್ಸತ್ತೆ.”

“ಉಡಿಸ್ತೀವಿ ಬಿಡು.”

“ಬೇಡ!” ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅಂದ್ರೆ, ಸರ್ಕಾರಿ ಕೆಲಸದವರು ಉಡುಗೊರೆ ತಗೋಬಾರದು ಅಂತ ಕಾನೂನಿದೆ. ಬರೋದೂ ಅನುಮಾನ.”

“ಬಂದೇ ಬರ್ತಾಳೆ. ಮೋರಾಗ್ ಅಜ್ಜಿಗೆ ಒಪ್ಪಿಸಿದೀನಿ. ಮೇಬಲ್ ಮುಖ ನೋಡಿಲ್ಲವಂತೆ, ಹೆಲ್ಮೆಟ್ ಇತ್ತಂತೆ. ಆದ್ರೆ ಅವಳ ಮಗು ದಿನಾ ಅಜ್ಜಿ ಮುಂದೇನೇ ರಸ್ತೆ ದಾಟತ್ತಂತೆ. ಮಗು ಹತ್ರ ಕೇಳ್ತೀನಿ ಅಂದಿದಾರೆ.”

ಆ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಮೋರಾಗ್ ಕೇಳಿಯೂಬಿಟ್ಟರು. ಭಾನುವಾರ ಸಭಾಂಗಣಕ್ಕೆ ನಿಮ್ಮಮ್ಮ ಬರುತ್ತಾರಾ ಮಗೂ, ಎಂದು. ಬರುತ್ತಾರೆ ಎಂದಳು ತನ್ವಿ. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಪ್ರತಿವರ್ಷ ಮಹಿಳಾ ದಿನಾಚರಣೆಯಲ್ಲಿ ಮೂಳೆಗಳ ಆರೈಕೆ ಕುರಿತು ಭಾಷಣ ಮಾಡುವುದು ಅವಳಮ್ಮನೇ.

ಶುಕ್ರವಾರ ಮಹಾಬಲೇಶ್ವರ ಹೇಳಬೇಕೆಂದು ಬಾಯಿ ತೆರೆದ; ವಿಶಾಲಾಕ್ಷಿ, ಇವತ್ತು ಬೈಕಿನಿಂದ ಬಿದ್ದ ಇಬ್ಬರ ಕಾಲು ಕೂಡಿಸಿದೆ ಎಂದಳು. ಬಾಯಿ ಮುಚ್ಚಿದ. ಶನಿವಾರ ಮತ್ತೆ ತೆರೆದ. ಅವಳು ಭಾಷಣಕ್ಕೆ ಮೇಬಲ್‌ಳ ಉದಾಹರಣೆ ಸೇರಿಸುತ್ತಿದ್ದಳು. “ನಿಮಗೆ ಹಲ್ಲು ನೋವಾ? ಎರಡು ದಿನದಿಂದ ಬಾಯಿ ತೆಗೀತೀರಿ, ಮುಚ್ತೀರಿ” ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಆಕಾಶ ನೀಲಿಯಾಗಿತ್ತು. ಕುರ್ಚಿ ಹಾಕಲು ಮಹಾಬಲೇಶ್ವರ ಬೈಕಿನಲ್ಲೇ ಮುಂದಾಗಿ ಹೋದ. ಹನ್ನೊಂದಕ್ಕೆ ಸಭಾಂಗಣ ತುಂಬಿತು. ವೇದಿಕೆಯ ಮೇಲೆ ‘ಸಾಹಸಿ ಮೇಬಲ್ ಅವರಿಗೆ ಸುಸ್ವಾಗತ’ ಎಂಬ ಬಟ್ಟೆ. ಮುಂದಿನ ಸಾಲಿನಲ್ಲಿ ವಿಶಾಲಾಕ್ಷಿ, ಪಕ್ಕದಲ್ಲಿ ತನ್ವಿ. ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಮಹಾಬಲೇಶ್ವರ.

ಮೋರಾಗ್ ಬಂದರು. ತಲೆಗೆ ಹೂವಿನ ಟೋಪಿ. ಲಿಂಗರಾಜರು ಬಗ್ಗಿ ಸ್ವಾಗತಿಸಿ, ಮೇಬಲ್ ಎಲ್ಲಿ ಎಂದು ಕೇಳಿದರು. ಮೋರಾಗ್ ಸಭೆಯ ಮೇಲೆ ಕಣ್ಣಾಡಿಸಿದರು. ತನ್ವಿ ಕಣ್ಣಿಗೆ ಬಿದ್ದಳು. “ಅಗೋ, ಮೇಬಲ್ ಮಗಳು!” ಎಂದು ಬೆರಳು ಮಾಡಿ ತೋರಿಸಿದರು. “ಪಕ್ಕದಲ್ಲಿ ಅವಳಮ್ಮ!”

ಎಲ್ಲರ ಕತ್ತೂ ಮುಂದಿನ ಸಾಲಿಗೆ ತಿರುಗಿದವು. ಮೊದಲು ಎಚ್ಚೆತ್ತವರು ಕಮಲಾ.

“ವಿಶಾಲೂ! ನೀನಾ!”

“ಏನು ನಾನಾ?” ಎಂದಳು ವಿಶಾಲಾಕ್ಷಿ.

“ಬಚ್ಚಿಟ್ಟುಬಿಟ್ಟಿದ್ದೆಯಲ್ಲೇ! ಒಂದು ಮಾತು ಹೇಳಲಿಲ್ಲ!”

“ಕಮಲಕ್ಕ, ನಾನು ಮಂಗಳವಾರ ಆಪರೇಷನ್ ಥಿಯೇಟರಲ್ಲಿದ್ದೆ…”

“ನೋಡಿ, ನೋಡಿ, ವಿನಯ ನೋಡಿ!” ಎಂದು ಲಿಂಗರಾಜರು ಧ್ವನಿವರ್ಧಕದಲ್ಲೇ ಕೂಗಿದರು. “ಆಪರೇಷನ್ನನ್ನೂ ಮುಗಿಸಿ, ರಸ್ತೆಗೂ ಬಂದು ನಿಂತಿದಾರೆ! ಅವತ್ತೇ ನನಗೆ ಅನುಮಾನ ಬಂದಿತ್ತು. ಆ ಕಣ್ಣುಗಳಲ್ಲಿ ಒಂದು ಕನ್ನಡದ ಕಳೆ ಇತ್ತು!”

ಚಪ್ಪಾಳೆ. ನಾಲ್ಕು ಜನ ಹೆಂಗಸರು ಸೇರಿ ವಿಶಾಲಾಕ್ಷಿಯನ್ನು ಅಕ್ಷರಶಃ ಎತ್ತಿಕೊಂಡು ವೇದಿಕೆಗೆ ಹತ್ತಿಸಿದರು. ಅವಳು ಅಲ್ಲ ಎಂದಷ್ಟೂ ಚಪ್ಪಾಳೆ ಏರುತ್ತಿತ್ತು. ಹಣೆಗೆ ಕುಂಕುಮ ಬಿತ್ತು, ಹೆಗಲಿಗೆ ಶಾಲು ಬಿತ್ತು, ಕೈಗೆ ಸೀರೆಯ ಪೆಟ್ಟಿಗೆ ಬಂತು. ಮೋರಾಗ್ ಅವಳನ್ನು ತಬ್ಬಿಕೊಂಡು, ಹತ್ತಿರದಿಂದ ನೋಡಿದರೆ ಸ್ವಲ್ಪ ಗಿಡ್ಡ ಕಾಣ್ತೀಯ ಎಂದರು.

ಕುಂಕುಮ ಮೂಗಿನವರೆಗೂ ಇಳಿದಿದ್ದ ವಿಶಾಲಾಕ್ಷಿ ಆ ಗದ್ದಲದ ನಡುವೆ ಕೆಳಗೆ ಕೂತ ಮಗಳ ಕಡೆ ನೋಡಿದಳು. “ತನ್ವಿ, ಏನೇ ಇದೆಲ್ಲ? ನಿನಗೆ ಗೊತ್ತಾ?”

ತನ್ವಿಯ ಕಣ್ಣು ತುಂಬಿಬಂತು. ಹೇಳಿದರೆ ಅಪ್ಪನಿಗೆ ಕೊಟ್ಟ ಮಾತು ತಪ್ಪುತ್ತದೆ, ಗೊತ್ತಿಲ್ಲವೆಂದರೆ ಅಮ್ಮನಿಗೆ ಸುಳ್ಳಾಡಿದಂತಾಗುತ್ತದೆ. ಅವಳು ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಅಪ್ಪನನ್ನು ಹುಡುಕಿದಳು.

ಬಾಗಿಲಿಗೆ ಮೂರೇ ಹೆಜ್ಜೆ ಇತ್ತು. ಆದರೆ ಆ ಕಣ್ಣುಗಳನ್ನು ಕಂಡಮೇಲೆ ಮಹಾಬಲೇಶ್ವರನ ಕಾಲು ಬಾಗಿಲ ಕಡೆ ಹೋಗಲಿಲ್ಲ. ಸಾಲುಗಳ ನಡುವೆ ತಾನೇ ಹಾಕಿದ ಕುರ್ಚಿಗಳಿಗೆ ಎಡವುತ್ತ ಅವನು ವೇದಿಕೆ ಹತ್ತಿ, ಧ್ವನಿವರ್ಧಕದ ಮುಂದೆ ನಿಂತ.

“ಎಲ್ಲರೂ ಕ್ಷಮಿಸಬೇಕು. ಮೇಬಲ್ ಅವಳಲ್ಲ. ಮೇಬಲ್ ನಾನು.”

ಇಡೀ ಸಭಾಂಗಣ ನಕ್ಕಿತು. ಲಿಂಗರಾಜರು ಕಣ್ಣೊರೆಸಿಕೊಂಡರು. “ಅಯ್ಯೋ ಮಹಾಬಲ! ಹೆಂಡತಿಗೆ ಶಾಲು ಬಿದ್ರೆ ನಿನಗ್ಯಾಕಪ್ಪ ಹೊಟ್ಟೆಕಿಚ್ಚು? ಮುಂದಿನ ವರ್ಷ ಕುರ್ಚಿ ಹಾಕಿದ್ದಕ್ಕೆ ನಿನಗೂ ಒಂದು ಹೊದಿಸೋಣ. ಇಳಿ, ಇಳಿ.”

“ನಿಜವಾಗಲೂ ನಾನೇ. ಮಳೇಲಿ ಮಗೂನ ಬೈಕಲ್ಲಿ ಕರಕೊಂಡು ಹೋಗ್ತಿದ್ದೆ. ಬೈಕ್ ಕೆಟ್ಟು ನಿಂತಿತು. ನಾನು ರಸ್ತೆ ಮುಚ್ಚಲಿಲ್ಲ, ಅದಾಗಿ ಅದೇ ಮುಚ್ಕೊಂಡುಬಿಟ್ಟಿತು.”

“ಆ ಅಧಿಕಾರಿಯ ಗತ್ತೇನು, ನೀನೇನು!” ಎಂದರು ಲಿಂಗರಾಜರು.

ಅಷ್ಟರಲ್ಲಿ ತನ್ವಿ ಬಾಣದಂತೆ ಹೊರಗೋಡಿದಳು. ಬೈಕಿನ ಹಿಂದಿನ ಪೆಟ್ಟಿಗೆಯಿಂದ ಕಿತ್ತಳೆ ಕೋಟು, ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ಟು ಎರಡನ್ನೂ ಎದೆಗವಚಿಕೊಂಡು ವೇದಿಕೆಗೆ ತಂದಿಟ್ಟಳು. ಮಹಾಬಲೇಶ್ವರ ಕೋಟು ತೊಟ್ಟ. ಹೆಲ್ಮೆಟ್ಟು ಹಾಕಿ ಗಾಜು ಇಳಿಸಿದ. ಲಿಂಗರಾಜರ ಕಡೆ ತಿರುಗಿ ಕೈ ಎತ್ತಿ, ಹೊಟ್ಟೆಯಾಳದಿಂದ ದನಿ ತೆಗೆದು ಗುಡುಗಿದ:

“ನೋ ವೇ, ಮೈಟ್! ಟರ್ನ್ ಅರೌಂಡ್!”

“ಯೆಸ್ ಸರ್, ಸಾರಿ ಸರ್” ಎಂದು ಲಿಂಗರಾಜರು ಎರಡು ಹೆಜ್ಜೆ ಹಿಂದೆ ಸರಿದು, ವೇದಿಕೆಯ ತುದಿಯಲ್ಲಿದ್ದ ದೀಪದ ಕಂಬವನ್ನು ಅಪ್ಪಿಕೊಂಡು ನಿಂತರು.

“ಇವಳೇ! ಇವಳೇ ಮೇಬಲ್!” ಎಂದು ಮೋರಾಗ್ ಸಂತೋಷದಿಂದ ಫಲಕವಿಲ್ಲದ ಕೈಯನ್ನೇ ಎತ್ತಿದರು. ಹೆಲ್ಮೆಟ್ಟು ತೆಗೆದಾಗ ಮೀಸೆ ಕಂಡು, “ಚಿಕ್ಕಮ್ಮನಿಗೂ ಕೊನೆಗಾಲದಲ್ಲಿ ಸ್ವಲ್ಪ ಬಂದಿತ್ತು” ಎಂದು ಸಮಾಧಾನ ಮಾಡಿಕೊಂಡರು.

ಕಮಲಾ ಮಾತ್ರ ಕಡತ ತೆರೆದು ಕಾರ್ಯಕ್ರಮದ ಪಟ್ಟಿ ನೋಡಿ, ಸನ್ಮಾನ ಆಯ್ತಲ್ಲ, ಇನ್ನು ಮೂಳೆಗಳ ಆರೈಕೆ ಎಂದರು. ವಿಶಾಲಾಕ್ಷಿ ಹೆಗಲಿನ ಶಾಲನ್ನು ತೆಗೆದು ಮಡಚಿ ಮೇಜಿನ ಮೇಲಿಟ್ಟು, ಗಂಡನ ಕಡೆ ನೋಡದೆ, ಇಪ್ಪತ್ತು ನಿಮಿಷ ಭಾಷಣ ಮಾಡಿದಳು. ಮುರಿಯಬಹುದಾದ ಮೂಳೆಗಳ ಹೆಸರನ್ನೆಲ್ಲ ಒಂದೊಂದಾಗಿ, ನಿಧಾನವಾಗಿ ಹೇಳಿದಳು. ಮಹಾಬಲೇಶ್ವರನಿಗೆ ಪ್ರತಿಯೊಂದೂ ತನ್ನ ಮೈಯಲ್ಲಿ ಎಲ್ಲಿದೆಯೆಂದು ಗೊತ್ತಾಯಿತು.

ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಮಳೆ ಹಿಡಿದಿತ್ತು. ಬೈಕನ್ನು ಅಲ್ಲೇ ಬಿಟ್ಟು ಮೂವರೂ ಕಾರಿನಲ್ಲಿ ಹೊರಟರು. ಮೊದಲ ಎರಡು ಸಿಗ್ನಲ್ಲುಗಳವರೆಗೆ ವೈಪರಿನದು ಬಿಟ್ಟು ಬೇರೆ ಸದ್ದಿಲ್ಲ.

“ಬೈಕಿನ ಸಿಟ್ಟಲ್ಲ ನನಗೆ” ಎಂದಳು ವಿಶಾಲಾಕ್ಷಿ ಕೊನೆಗೆ. “ಐದು ದಿನ ಈ ಮಗು ನನ್ನ ಮುಖ ನೋಡದೆ ಊಟ ಮಾಡಿದೆ. ಹೊಟ್ಟೆ ಸರಿ ಇಲ್ಲ ಅಂದ್ಕೊಂಡು ನಾನು ಓಮಿನ ಕಷಾಯ ಕುಡಿಸ್ತಿದ್ದೆ.”

“ಇಟ್ ವಾಸ್ ಹಾರಿಬಲ್” ಎಂದಳು ತನ್ವಿ ಹಿಂದಿನ ಸೀಟಿನಿಂದ.

ಮಹಾಬಲೇಶ್ವರ ಹಿಂದಕ್ಕೆ ತಿರುಗಿ ಮಗಳ ಮೊಣಕಾಲು ಮುಟ್ಟಿದ. “ತಪ್ಪಾಯ್ತು ವಿಶಾಲು. ತಪ್ಪಾಯ್ತು ಪುಟ್ಟಿ. ಬೈಕ್ ಮಾರಿಬಿಡ್ತೀನಿ. ನಾಳೆನೇ.”

ಮೂರನೆಯ ಸಿಗ್ನಲ್ಲಿನಲ್ಲಿ ವಿಶಾಲಾಕ್ಷಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, “ಮಳೇಲಿ ಹಾಗೇ ಬಿಟ್ಟು ಬಂದ್ರಲ್ಲ, ಚೈನ್ ತುಕ್ಕು ಹಿಡಿಯಲ್ವಾ? ಮೊದಲೇ ಸಡಿಲ ಆಗಿದೆ, ಒದರಾಡತ್ತೆ” ಎಂದಳು.

“ಚೈನಿನ ವಿಷಯ ನಿನಗೆ ಹೇಗೆ ಗೊತ್ತು?”

ವಿಶಾಲಾಕ್ಷಿ ವೈಪರಿನ ವೇಗ ಹೆಚ್ಚಿಸಿದಳು. “ಮೆಡಿಕಲ್ ಕಾಲೇಜಲ್ಲಿದ್ದಾಗ ಅಣ್ಣನ ಯೆಜ್ಡಿ ಬೈಕ್ ಇತ್ತಲ್ಲ. ಅವನು ಮಲಗಿದ್ದಾಗ ತಗೊಂಡು ಶ್ರೀರಂಗಪಟ್ಟಣದವರೆಗೂ ಹೋಗಿ ಬರ್ತಿದ್ದೆ. ಮೂರು ವರ್ಷ. ಮನೇಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.”

“ಅಮ್ಮಾ!” ಎಂದು ತನ್ವಿ ಸೀಟಿನಿಂದ ಎದ್ದೇಬಿಟ್ಟಳು.

“ಬೆಲ್ಟ್ ಹಾಕ್ಕೊಂಡು ಕೂತ್ಕೋ” ಎಂದಳು ಮೂಳೆ ಡಾಕ್ಟರು. ಆಮೇಲೆ ಎಡಗೈ ಚಾಚಿದಳು. “ಮಾರೋದೇನೂ ಬೇಡ. ನಾಳೆಯಿಂದ ನಾನು ನಿಹಾರಿಕಾ ಸಿಸ್ಟರ್ ಕಾರಲ್ಲಿ ಆಸ್ಪತ್ರೆಗೆ ಹೋಗ್ತೀನಿ, ದಿನಾ ಕರೀತಾನೇ ಇದಾರೆ. ಈ ಕಾರು ನಿಮಗೆ, ತನ್ವಿಗೆ. ಬೈಕಿನ ಕೀ ಕೊಡಿ ಇಲ್ಲಿ.”

ಮಹಾಬಲೇಶ್ವರ ಕೊಟ್ಟ.

ಆಮೇಲಿನದು ಬಲುಬೇಗ ಆಯಿತು. ವಿಶಾಲಾಕ್ಷಿ ಚೈನು ಬಿಗಿ ಮಾಡಿಸಿದಳು. ಚಳಿಗಾಲದಲ್ಲಿ ಶನಿವಾರ ಶನಿವಾರ ತರಬೇತಿಗೆ ಹೋಗಿ, ಅಲ್ಲಿದ್ದ ಹುಡುಗರನ್ನೆಲ್ಲ ಹಿಂದೆ ಹಾಕಿ ಲೈಸೆನ್ಸ್ ಪಡೆದಳು. ಆ ತಿಂಗಳುಗಳಲ್ಲಿ ಮಳೆಯೇ ಇರಲಿಲ್ಲ. ಮಹಾಬಲೇಶ್ವರ ದಿನಾ ಕಾರಿನಲ್ಲಿ ಮಗಳನ್ನು ಬಿಟ್ಟು, ಒಣಬಟ್ಟೆಯಲ್ಲೇ ವಾಪಸು ಬಂದು, ಮಳೆಗಾಗಿ ಆಕಾಶ ನೋಡುತ್ತಿದ್ದ.

ಅಕ್ಟೋಬರಿನ ಕೊನೆಯಲ್ಲಿ ಒಂದು ಭಾನುವಾರ ಮೊದಲ ಗುಡುಗು ಕೇಳಿಸಿತು. ಸಾರಿಗೆ ಕೊತ್ತಂಬರಿ ಇಲ್ಲ, ಪಕ್ಕದ ಬಡಾವಣೆ ಸನ್ನಿಬ್ಯಾಂಕಿಗೆ ಹೋಗಿ ತಂದುಬಿಡುತ್ತೇನೆ, ಹತ್ತೇ ನಿಮಿಷ ಎಂದು ವಿಶಾಲಾಕ್ಷಿ ಹೆಲ್ಮೆಟ್ಟು ಎತ್ತಿಕೊಂಡಳು. ಮೋಡ ಕಟ್ಟಿದೆ ಎಂದ ಮಹಾಬಲೇಶ್ವರ. ಕಟ್ಟಲಿ ಎಂದಳು.

ಹತ್ತು ನಿಮಿಷವಾಯಿತು. ಮಳೆ ಸುರಿಯಿತು. ಒಂದು ಗಂಟೆಯಾಯಿತು. ಮಹಾಬಲೇಶ್ವರ ಟವೆಲ್ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತ. ಫೋನು ಮಾಡಿದ, ಎತ್ತಲಿಲ್ಲ. ಎರಡು ಗಂಟೆಯಾಯಿತು. ಮುರಿಯಬಹುದಾದ ಮೂಳೆಗಳ ಹೆಸರುಗಳು ಆ ಭಾಷಣದ ಕ್ರಮದಲ್ಲೇ ನೆನಪಿಗೆ ಬಂದವು. ತನ್ವಿ ಎರಡು ಸಲ ಬಂದು, “ಎನಿ ನ್ಯೂಸ್?” ಎಂದು ಕೇಳಿ ಹೋದಳು. ಸಾರು ಕುದಿದು ಕುದಿದು ತಳ ಹಿಡಿಯಿತು.

ಮೂರು ಗಂಟೆಯ ಮೇಲೆ ಬೀದಿಯ ತುದಿಯಲ್ಲಿ ಬೈಕಿನ ಸದ್ದು. ವಿಶಾಲಾಕ್ಷಿ ಒಳಬಂದು ಇಳಿದು ಹೆಲ್ಮೆಟ್ಟು ತೆಗೆದಳು. ಜಡೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮುಖ ಕೆಂಪಗೆ, ಕಣ್ಣು ಫಳಫಳ. ಹದಿನಾಲ್ಕು ವರ್ಷದಲ್ಲಿ ಮಹಾಬಲೇಶ್ವರ ಅವಳನ್ನು ಹಾಗೆ ಕಂಡಿರಲಿಲ್ಲ. ಕೇಳಬೇಕೆಂದುಕೊಂಡಿದ್ದ ಕಟುವಾದ ಪ್ರಶ್ನೆಗಳೆಲ್ಲ ಮರೆತುಹೋಗಿ ಟವೆಲ್ ಕೊಟ್ಟ.

“ಕೊತ್ತಂಬರಿ?” ಎಂದಷ್ಟೇ ಕೇಳಿದ.

“ಅಯ್ಯೋ” ಎಂದಳು ವಿಶಾಲಾಕ್ಷಿ. “ಚೆನ್ನಾಗಿರ್ಲಿಲ್ಲ ಕಣ್ರೀ. ಬಾಡಿತ್ತು.”

ಕೂತು ಬೂಟು ಬಿಚ್ಚಿ ತಲೆಕೆಳಗು ಮಾಡಿದಳು. ಮೊದಲು ನೀರು ಬಂತು. ಆಮೇಲೆ ಸಣ್ಣಗೆ, ಬೆಳ್ಳಗೆ, ಒಂದು ಹಿಡಿ ಮರಳು ಬಂತು. ಸನ್ನಿಬ್ಯಾಂಕಿನ ತರಕಾರಿ ಅಂಗಡಿಯಲ್ಲಿ ಮರಳಿಲ್ಲ. ಅಂಥ ಮರಳು ಸಿಗಬೇಕಾದರೆ ದಕ್ಷಿಣಕ್ಕೆ ಒಂದು ಗಂಟೆ ಹೋಗಿ ಸಮುದ್ರಕ್ಕೇ ಇಳಿಯಬೇಕು. ತನ್ವಿ ಮರಳು ನೋಡಿದಳು, ಅಪ್ಪನನ್ನು ನೋಡಿದಳು. ಮಹಾಬಲೇಶ್ವರ ಪೊರಕೆ ತಂದು ಮರಳನ್ನು ಮೂಲೆಗೆ ಗುಡಿಸಿದ.

ವಿಶಾಲಾಕ್ಷಿ ತಲೆಗೆ ಟವೆಲ್ ಸುತ್ತಿಕೊಂಡು ಅಡಿಗೆಮನೆಗೆ ಹೋಗಿ ಫ್ರಿಜ್ ತೆರೆದು, ಬಹಳ ಹೊತ್ತು ಒಳಗೆ ಇಣುಕಿ ನೋಡಿದಳು.

“ಪುದೀನಾನೂ ಮುಗಿದಿದೆ” ಎಂದಳು. “ಮುಂದಿನ ಭಾನುವಾರ ಹೋಗಿ ತಂದ್ಬಿಡ್ತೀನಿ.”